ದ್ವೀಪದ ರಜೆಯಲ್ಲಿ ಕೇಳಿಸಿದ ‘ನಾವು’

(ಸಂಘದ ಸ್ಥಾಪನಾ ದಿನೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವೈದ್ಯರನ್ನು ವೇದಿಕೆಗೆ ಕರೆದರೆ ಸಭೆಗೆ ಒಂದು ಭಯ ಇದ್ದೇ ಇರುತ್ತದೆ: ಇವರು ಸಕ್ಕರೆ ಕಾಯಿಲೆಯ ಮೇಲೆ ಮಾತಾಡಿ ಊಟಕ್ಕೆ ಮುಂಚೆಯೇ ಹೋಳಿಗೆಯ ರುಚಿ ಕೆಡಿಸುತ್ತಾರೆ ಎಂದು. ಆ ಭಯ ಬೇಡ. ಸಮಿತಿಯವರು ನಮ್ಮನ್ನು ಕೇಳಿದ್ದು ಒಂದು ಪ್ರವಾಸದ ವಿಷಯ, “ಸ್ವಲ್ಪ ಅಧ್ಯಾತ್ಮವೂ ಇರಲಿ” ಎಂದು. ಹೋಳಿಗೆ ಸುರಕ್ಷಿತವಾಗಿದೆ. ಮಧ್ಯದಲ್ಲಿ ಒಂದು ಹಳೆಯ ರೋಗದ ಹೆಸರು ಬರುತ್ತದೆ, ಅದಕ್ಕೆ ಮಾತ್ರ ಕ್ಷಮೆ ಇರಲಿ.

ಈ ಭಾಷಣವನ್ನು ಗಂಡಹೆಂಡತಿ ನಾವಿಬ್ಬರೂ ಅಡಿಗೆಮನೆಯ ಮೇಜಿನ ಮುಂದೆ ಕೂತು ಬರೆದೆವು. ವೇದಿಕೆ ಹತ್ತಿದ್ದು ಒಬ್ಬರು. ಇನ್ನೊಬ್ಬರು ಮೂರನೆಯ ಸಾಲಿನಲ್ಲಿ ಕೂತು ತಪ್ಪುಗಳನ್ನು ಲೆಕ್ಕ ಹಾಕುತ್ತಿದ್ದಾರೆ. ಹಾಗಾಗಿ ಇಲ್ಲಿ ‘ನಾನು’ ಬರುವುದಿಲ್ಲ, ‘ನಾವು’ ಮಾತ್ರ. ಆ ಮಾತಿನ ಬಗೆಗೇ ನಮಗೆ ಹೇಳುವುದಿದೆ.

ನಾವು ಮಂಗಳೂರಿನವರು, ಬಾಸೆಲ್ ಮಿಶನ್ ಸಭೆಯ ಮನೆತನಗಳವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನಿನವರು ಶಾಲೆ ತೆರೆದರು, ಅಚ್ಚುಕೂಟ ತೆರೆದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ನಮ್ಮಲ್ಲೊಬ್ಬರ ಮುತ್ತಜ್ಜ ಆ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಮನೆಯಲ್ಲಿ ಅಜ್ಜಿಯ ಜೊತೆ ತುಳು, ದೇವಾಲಯದಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಹೀಗೆ ಬೆಳೆದೆವು. ನಾವು ಮೊದಲ ಸಲ ಈ ಸಂಘದ ಯುಗಾದಿ ಊಟಕ್ಕೆ ಬಂದಾಗ ಹಿರಿಯರೊಬ್ಬರು ಬಹಳ ಪ್ರೀತಿಯಿಂದ, “ಕ್ರಿಶ್ಚಿಯನ್ನರಾಗಿಯೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತೀರಿ!” ಎಂದರು. ಕಿಟ್ಟೆಲ್ ಸಾಹೇಬರ ನಿಘಂಟು ನಮ್ಮ ಮಿಶನಿನ ಅಚ್ಚುಕೂಟದಿಂದಲೇ ಬಂದದ್ದು ಎಂದು ಹೇಳುವ ಆಸೆ ಬಂತು. ಅಷ್ಟರಲ್ಲಿ ಅವರು ನಮ್ಮ ತಟ್ಟೆಗೆ ಎರಡನೆಯ ಸಲ ಪಾಯಸ ಬಡಿಸಿಬಿಟ್ಟರು. ಪಾಯಸದ ಮುಂದೆ ವಾದ ನಿಲ್ಲುವುದಿಲ್ಲ. ಇವತ್ತು ಇದನ್ನು ನೆನೆದದ್ದು ದೂರಿಗಾಗಿ ಅಲ್ಲ. ನಮ್ಮ ತುಳುವಿನಲ್ಲಿ ‘ನಾವು’ ಎನ್ನುವುದಕ್ಕೆ ಎರಡು ಮಾತುಗಳಿವೆ. ಎದುರಿಗಿರುವವರನ್ನು ಹೊರಗಿಟ್ಟು ಹೇಳುವ ನಾವು ‘ಎಂಕುಲು’. ಎದುರಿಗಿರುವವರನ್ನೂ ಸೇರಿಸಿಕೊಂಡು ಹೇಳುವ ನಾವು ‘ನಮ’. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಯಾವುದು ಎಂದು ಕೇಳುವವರೇ ತಿಳಿದುಕೊಳ್ಳಬೇಕು. ಈ ವ್ಯತ್ಯಾಸವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

2014ರ ಜುಲೈ ತಿಂಗಳು. ರೆಸಿಡೆನ್ಸಿಯ ಸಾಲ, ಮನೆಯ ಸಾಲ, ರಾತ್ರಿಪಾಳಿ ಎಲ್ಲದರ ನಡುವೆ ಹತ್ತು ದಿನದ ರಜೆ ಕೂಡಿಸಿ ಹವಾಯಿಯ ಮಾವಿ ದ್ವೀಪಕ್ಕೆ ಹೋದೆವು. ಮಕ್ಕಳಿಗೆ ಆಗ ಒಂಬತ್ತು ಮತ್ತು ಆರು. ಜೊತೆಗೆ ನಮ್ಮ ತಮ್ಮನ ಸಂಸಾರ. ತೆಂಗಿನ ಮರ, ಹಲಸಿನ ಮರ, ದಾಸವಾಳ, ಉಪ್ಪುಗಾಳಿ. ಊರಿಗೆ ಹೋಗಲು ಟಿಕೆಟ್ಟಿಗೆ ದುಡ್ಡು ಸಾಲದವರು ಊರಿನ ಹಾಗೆ ಕಾಣುವ ಜಾಗಕ್ಕೆ ಹೋಗುತ್ತಾರೆ ಎಂದು ತಮ್ಮ ತಮಾಷೆ ಮಾಡಿದ. ಲೆಕ್ಕ ಹಾಕಿದರೆ ಊರಿಗೇ ಹೋಗಬಹುದಿತ್ತು. ಊರಿಗೆ ಹೋದರೆ ಅದು ರಜೆಯಾಗುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತಿರುವ ಗುಟ್ಟು.

ಲಹೈನಾ ಪಟ್ಟಣದ ನ್ಯಾಯಾಲಯದ ಕಟ್ಟಡದ ಹಿಂದೆ ಒಂದು ಆಲದ ಮರ ಇತ್ತು, ಈಗಲೂ ಇದೆ. 1873ರ ಏಪ್ರಿಲ್‌ನಲ್ಲಿ ನೆಟ್ಟದ್ದು. ಲಹೈನಾಕ್ಕೆ ಪ್ರಾಟೆಸ್ಟೆಂಟ್ ಮಿಶನ್ ಬಂದು 50 ವರ್ಷವಾದ ನೆನಪಿಗೆ ಇಂಡಿಯಾದಿಂದ ತರಿಸಿದ ಎಂಟು ಅಡಿ ಎತ್ತರದ ಸಸಿ. ನಾವು ನೋಡುವಾಗ ಅದು ಬಿಳಲು ಊರಿ ಊರಿ ಅರ್ಧ ಎಕರೆಗೂ ಮಿಕ್ಕಿ ಹಬ್ಬಿತ್ತು. ಕೆಳಗೆ ಬೆಂಚುಗಳು, ಚಿತ್ರ ಮಾರುವವರು, ಸಂಜೆಯಾದರೆ ಗೊರವಂಕಗಳ ಗದ್ದಲ. ಅವೂ ನಮ್ಮ ಕಡೆಯಿಂದ ಹೋದ ಹಕ್ಕಿಗಳೇ. 2023ರ ಆಗಸ್ಟ್ 8ರ ಬೆಂಕಿಯಲ್ಲಿ ಊರು ಸುಟ್ಟು ಬೂದಿಯಾಯಿತು. ಮರವೂ ಬೆಂದಿತು; ಹಲವು ಬಿಳಲುಗಾಲುಗಳನ್ನು ಕಳೆದುಕೊಂಡು ಮತ್ತೆ ಚಿಗುರಿತು. ಆದರೆ 2014ರಲ್ಲಿ ಆ ಬೆಂಚಿನ ಮೇಲೆ ಕೂತು ನಾವು ಐಸ್‌ಕ್ರೀಮ್ ತಿನ್ನುತ್ತಾ 1873 ಎಂಬ ಇಸವಿಯನ್ನು ನೋಡಿ, ಇದನ್ನು ಎಲ್ಲೋ ಓದಿದ್ದೇವಲ್ಲ ಎಂದುಕೊಂಡೆವು. ಸೂಕ್ಷ್ಮಜೀವಿಶಾಸ್ತ್ರದ ಪರೀಕ್ಷೆಗೆ ಬಾಯಿಪಾಠ ಮಾಡಿದ ಇಸವಿ ಅದು. ನಾರ್ವೆಯ ಹ್ಯಾನ್ಸನ್ ಎಂಬ ವೈದ್ಯ ಕುಷ್ಠರೋಗದ ಬ್ಯಾಸಿಲಸ್ಸನ್ನು ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಅದೇ ವರ್ಷ. ಮತ್ತೆ ಅದೇ ವರ್ಷದ ಮೇ ತಿಂಗಳಲ್ಲಿ, ಅದೇ ಮಾವಿ ದ್ವೀಪದ ವೈಲುಕು ಎಂಬ ಊರಿನಲ್ಲಿ ಹೊಸ ಕ್ಯಾಥೊಲಿಕ್ ದೇವಾಲಯದ ಪ್ರತಿಷ್ಠೆಗೆ ಕೂಡಿದ ಪಾದ್ರಿಗಳಿಗೆ ಬಿಷಪ್ಪರು ಒಂದು ಪ್ರಶ್ನೆ ಹಾಕಿದರು: ಮೊಲೊಕೈ ದ್ವೀಪದ ಕುಷ್ಠರೋಗಿಗಳ ಬಳಿಗೆ ಯಾರು ಹೋಗುತ್ತೀರಿ? ನಾಲ್ವರು ಎದ್ದರು. ಸರದಿಯ ಪ್ರಕಾರ ಹೋಗಿಬರುವುದು ಎಂದು ಯೋಚನೆ. ಮೊದಲು ಹೋದವರು ಬೆಲ್ಜಿಯಂನ ದಾಮಿಯನ್, ವಯಸ್ಸು 33. ಮೇ 10ಕ್ಕೆ ಅಲ್ಲಿ ಇಳಿದರು. ಸರದಿ ಮುಗಿಯಲೇ ಇಲ್ಲ. 16 ವರ್ಷ ಅಲ್ಲೇ ಇದ್ದು ಅಲ್ಲೇ ತೀರಿಕೊಂಡರು.

ಮೊಲೊಕೈ ಲಹೈನಾದ ದಡದಿಂದಲೇ ಕಾಣುತ್ತದೆ. ನೀಲಿ ನೀರಿನ ಆಚೆ ಒಂದು ಬೂದುಬಣ್ಣದ ಗೆರೆ. ಹೋಗೋಣವೇ ಎಂದು ನಮ್ಮಲ್ಲೊಬ್ಬರು ಕೇಳಿದರು. ರಜೆಯಲ್ಲೂ ವಾರ್ಡಿಗೆ ಹೋಗಬೇಕೇ ಎಂದರು ಇನ್ನೊಬ್ಬರು. ಎರಡು ದಿನ ಚರ್ಚೆ ನಡೆಯಿತು. ಅಲ್ಲಿಗೆ 16 ವರ್ಷದ ಕೆಳಗಿನವರಿಗೆ ಪ್ರವೇಶವಿಲ್ಲ, ಆದ್ದರಿಂದ ಮಕ್ಕಳನ್ನು ತಮ್ಮನ ಹತ್ತಿರ ಬಿಟ್ಟೆವು. ಊರಿನ ಹೆಸರು ಕಲೌಪಾಪ ಎಂದದ್ದಕ್ಕೆ ಸಣ್ಣವಳು, “ಅಲ್ಲಿಯವರು ಏನು ಪಾಪ ಮಾಡಿದ್ದರು?” ಎಂದು ಕೇಳಿದಳು. ಹಾಗಲ್ಲ, ಅವರ ಭಾಷೆಯಲ್ಲಿ ಅದಕ್ಕೆ ಚಪ್ಪಟೆ ಬಯಲು ಎಂದು ಅರ್ಥ ಎಂದು ನಗುತ್ತಾ ಹೇಳಿದೆವು. ಮಗುವಿನ ಪ್ರಶ್ನೆ ಆಮೇಲೆ ದಾರಿಯುದ್ದಕ್ಕೂ ನಮ್ಮ ಜೊತೆ ಬಂತು. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಕರ್ತನನ್ನು ಕೇಳಿದ್ದೂ ಇದನ್ನೇ ಅಲ್ಲವೇ, ಪಾಪ ಮಾಡಿದವರು ಯಾರು ಎಂದು?

ಮೊಲೊಕೈಯಲ್ಲಿ ಒಂದು ರಾತ್ರಿ ತಂಗಿದೆವು. ಮನೆಯಲ್ಲೇ ಎರಡು ಕೋಣೆ ಬಾಡಿಗೆಗೆ ಕೊಡುವ ಹವಾಯಿಯ ಮುದುಕಿಯೊಬ್ಬರು ಊಟಕ್ಕೆ ಪೋಯಿ ಬಡಿಸಿದರು. ಪೋಯಿ ಎಂದರೆ ಕೆಸುವಿನ ಗಡ್ಡೆ ಬೇಯಿಸಿ ಜಜ್ಜಿ ಮಾಡುವ ಅಂಟಂಟು ಹಿಟ್ಟು. ಕೆಸುವಿನ ಎಲೆಯನ್ನು ನಮ್ಮಲ್ಲಿ ಪತ್ರೊಡೆಗೆ ಬಳಸುತ್ತೇವೆ ಎಂದಾಗ ಅವರಿಗೆ ಬಹಳ ಸಂತೋಷವಾಯಿತು. ಊಟ ಮುಗಿದ ಮೇಲೆ ಪ್ರಾರ್ಥನೆ ಮಾಡಿದರು, ಹವಾಯಿ ಭಾಷೆಯಲ್ಲಿ. ಅದರಲ್ಲಿ ‘ಮಾಕೌ’ ಎಂಬ ಮಾತು ಮತ್ತೆ ಮತ್ತೆ ಬಂತು. ಅರ್ಥ ಕೇಳಿದೆವು. ‘ನಾವು’ ಎಂದರು. ಸ್ವಲ್ಪ ತಡೆದು, “ದೇವರ ಹತ್ತಿರ ಮಾತಾಡುವಾಗಿನ ನಾವು. ದೇವರನ್ನು ಬಿಟ್ಟು ನಾವು. ನಿಮ್ಮನ್ನೂ ಸೇರಿಸಿ ಹೇಳುವ ನಾವು ಬೇರೆ, ಅದು ಕಾಕೌ” ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅಜ್ಜಿಯ ‘ಎಂಕುಲು’ ಮತ್ತು ‘ನಮ’, ಪೆಸಿಫಿಕ್ ಸಮುದ್ರದ ನಡುವೆ!

ಮರುದಿನ ಬೆಳಿಗ್ಗೆ ಬೆಟ್ಟ ಇಳಿದೆವು. ದ್ವೀಪದ ಉತ್ತರದ ದಡ ಗೋಡೆಯ ಹಾಗೆ ನೆಟ್ಟಗೆ ನಿಂತ ಕಡಲಬಂಡೆ. ನಾವು ಇಳಿದ ಕಡೆ 1,600 ಅಡಿಗೂ ಹೆಚ್ಚು. ಕೆಳಗೆ ನಾಲಿಗೆಯ ಹಾಗೆ ಕಡಲಿಗೆ ಚಾಚಿದ ಬಯಲು. ಮೂರು ಮೈಲಿಯ ಕಾಲುದಾರಿಯಲ್ಲಿ 26 ತಿರುವುಗಳು, ಪ್ರತಿಯೊಂದಕ್ಕೂ ನಂಬರಿನ ಹಲಗೆ. ಆಗ ಹೇಸರಗತ್ತೆಯ ಮೇಲೂ ಇಳಿಯಬಹುದಿತ್ತು, ನಾವು ಕಾಲನ್ನು ನಂಬಿದೆವು. ಹದಿನೈದನೆಯ ತಿರುವಿನಲ್ಲಿ ಮಂಡಿಗಳು ನಮ್ಮ ವಯಸ್ಸನ್ನು ನೆನಪಿಸಿದವು. ಈ ಜಾಗವನ್ನು ಆರಿಸಿದವರ ಬುದ್ಧಿವಂತಿಕೆ ಇಳಿಯುವಾಗ ಅರ್ಥವಾಗುತ್ತದೆ: ಮೂರು ಕಡೆ ಒರಟು ಕಡಲು, ನಾಲ್ಕನೆಯ ಕಡೆ ಈ ಗೋಡೆ. ಬೇಲಿಯ ಖರ್ಚಿಲ್ಲ.

1865ರಲ್ಲಿ, ನಮ್ಮ ಮುತ್ತಜ್ಜನ ಹಂಚಿನ ಕಾರ್ಖಾನೆ ಶುರುವಾದ ವರ್ಷದಲ್ಲಿ, ಹವಾಯಿಯ ಅರಸೊತ್ತಿಗೆ ಕುಷ್ಠರೋಗ ತಡೆಯುವ ಕಾಯಿದೆ ಮಾಡಿತು. ಸಂಶಯ ಬಂದವರನ್ನು ಹಿಡಿದು ತಪಾಸಣೆ, ರೋಗ ಖಾತ್ರಿಯಾದರೆ ಇಲ್ಲಿಗೆ. 1866ರ ಜನವರಿ 6ರಂದು ಮೊದಲ 12 ಮಂದಿಯನ್ನು ತಂದು ಇಳಿಸಿದರು. 1969ರಲ್ಲಿ ಆ ಕಟ್ಟಳೆ ಮುಗಿಯುವ ಹೊತ್ತಿಗೆ ಸುಮಾರು 8,000 ಜನ ಇಲ್ಲಿಗೆ ಬಂದಿದ್ದರು, ಹೆಚ್ಚಿನವರು ಮೂಲ ಹವಾಯಿಯವರು, ಅವರಲ್ಲಿ ಎಷ್ಟೋ ಮಕ್ಕಳು. ಸಲ್ಫೋನ್ ಔಷಧ 1946ರಲ್ಲೇ ಅಲ್ಲಿಗೆ ಬಂದಿತ್ತು. ಅಂದರೆ ರೋಗಕ್ಕೆ ಮದ್ದು ಬಂದ ಮೇಲೂ 23 ವರ್ಷ ಬೀಗ ತೆರೆಯಲಿಲ್ಲ. ಭೇಟಿಗೆ ಬಂದ ಬಂಧುಗಳಿಗೂ ರೋಗಿಗೂ ನಡುವೆ ತಂತಿಬಲೆ. ಅಲ್ಲೇ ಹುಟ್ಟಿದ ಕೂಸನ್ನು ತಾಯಿಯಿಂದ ಕೂಡಲೇ ಬೇರೆ ಮಾಡುತ್ತಿದ್ದರು. ಇಷ್ಟರ ನಡುವೆ ಆ ಜನರ ಭಾಷೆ ಒಂದು ಮಾತನ್ನು ಬೆಳಗಿಸಿತು: ‘ಕೊಕುವ’, ಅಂದರೆ ನೆರವಾಗುವವನು, ನೆರವಾಗುವವಳು. ಗಂಡನಿಗೆ ರೋಗ ಬಂದಾಗ ಆರೋಗ್ಯವಂತಳಾದ ಹೆಂಡತಿ, ಹೆಂಡತಿಗೆ ಬಂದಾಗ ಗಂಡ, ತಾಯಿಯ ಜೊತೆ ಮಗ, ಹೀಗೆ ತಾವಾಗಿಯೇ ಹಡಗು ಹತ್ತಿ ಬಂದವರಿಗೆ ಆ ಹೆಸರು. ನಮ್ಮ ಭಾರತದ ಕಾಯಿದೆಗಳಲ್ಲಿ, ಕ್ರೈಸ್ತರ ವಿಚ್ಛೇದನ ಕಾಯಿದೆಯಲ್ಲಿ ಸಹ, ಕುಷ್ಠರೋಗ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು; ಅದನ್ನು ತೆಗೆದುಹಾಕಿದ್ದು 2019ರಲ್ಲಿ.

ಕೆಳಗೆ ಒಂದು ಹಳೆಯ ಶಾಲೆಯ ಬಸ್ಸು ಕಾಯುತ್ತಿತ್ತು. ಅದರಲ್ಲಿ ಬಯಲಿನ ಪೂರ್ವದ ಕೊನೆಯಾದ ಕಲವಾವೊಗೆ ಹೋದೆವು. ಮೊದಲ ವಸತಿ ಇದ್ದದ್ದು ಅಲ್ಲಿ. ಎಲ್ಲರೂ ದಾಮಿಯನ್ನರ ದೇವಾಲಯ ನೋಡಲು ಬರುವವರು, ನಾವೂ ಹಾಗೇ ಬಂದಿದ್ದೆವು. ಆದರೆ ಅದಕ್ಕೆ ಮೊದಲೇ ಒಂದು ಸಣ್ಣ ಬಿಳಿ ದೇವಾಲಯ ಸಿಕ್ಕಿತು. ಹೆಸರು ಸಿಲೊಅಮ, ಯೋಹಾನನ ಸುವಾರ್ತೆಯ ಆ ಕುರುಡ ಕಣ್ಣು ತೊಳೆದುಕೊಂಡ ಕೊಳದ ಹೆಸರು. ಅದು ನಮ್ಮ ಹಾಗೆ ಪ್ರಾಟೆಸ್ಟೆಂಟರದು. 1866ರಲ್ಲಿ, ಮೊದಲ ಹಡಗು ಬಂದ ವರ್ಷವೇ, ರೋಗಿಗಳಲ್ಲಿ 35 ಮಂದಿ ಕೂಡಿ ಒಂದು ಸಭೆ ಕಟ್ಟಿಕೊಂಡರು. ಕಟ್ಟಡ ಪ್ರತಿಷ್ಠೆಯಾದದ್ದು 1871ರಲ್ಲಿ. ಅಂದರೆ ದಾಮಿಯನ್ ಬರುವುದಕ್ಕೆ ಏಳು ವರ್ಷ ಮೊದಲು ಕೂಡಿದ ಸಭೆ, ಎರಡು ವರ್ಷ ಮೊದಲು ಎದ್ದ ಕಟ್ಟಡ.

ಇಲ್ಲಿ ನಾವು ಬಹಳ ಹೊತ್ತು ನಿಂತೆವು, ಬಸ್ಸಿನವರು ಹಾರನ್ ಹೊಡೆಯುವವರೆಗೂ. ಭಾನುವಾರದ ಶಾಲೆಯಲ್ಲಿ ನಾವು ಕೇಳಿದ್ದ ಕತೆ ಹೀಗಿತ್ತು: ದೇವರಿಲ್ಲದ, ಕುಡಿತ ಜೂಜುಗಳ ನರಕಕ್ಕೆ ಒಬ್ಬ ಸಂತ ಹೋಗಿ ಬೆಳಕು ಹಚ್ಚಿದ. ಕತೆಯಲ್ಲಿ ರೋಗಿಗಳಿಗೆ ಹೆಸರೂ ಇಲ್ಲ, ಬಾಯಿಯೂ ಇಲ್ಲ. ಆದರೆ ಮನೆಯಿಂದ ಕಿತ್ತು ತಂದು ಕಲ್ಲಿನ ಮೇಲೆ ಎಸೆದ ಜನ, ಯಾವ ಪಾದ್ರಿಯನ್ನೂ ಕಾಯದೆ, ಆ ವರ್ಷವೇ ಕೂಡಿ ‘ನಾವು ಒಂದು ಸಭೆ’ ಎಂದು ಹೇಳಿಕೊಂಡಿದ್ದರು. ಅವರು ಬರೆದಿಟ್ಟ ಹೆಸರು ಗುಣವಾಗುವ ನೀರಿನ ಹೆಸರು, ಗುಣವಾಗುವ ಭರವಸೆ ಯಾವ ವೈದ್ಯನೂ ಕೊಡದ ಕಾಲದಲ್ಲಿ. ಉಪದೇಶ ಕೇಳಿ ಬೆಳೆದವರು ನಾವು. ಉಪದೇಶ ಮಾಡುವವನೇ ಇಲ್ಲದ ಕಡೆ ಸಭೆ ಹುಟ್ಟುತ್ತದೆ ಎಂದು ನೋಡಿದ್ದು ಅದೇ ಮೊದಲು. ಸಂಘ ಸಂಸ್ಥೆ ನಡೆಸುವ ನಿಮಗೂ ಇದು ಸ್ವಲ್ಪ ಆಸಕ್ತಿಯ ವಿಷಯವೇ: ಅಧ್ಯಕ್ಷರು ಇಲ್ಲದೆಯೂ ಸದಸ್ಯರು ಕೂಡಬಲ್ಲರು. (ಅಧ್ಯಕ್ಷರ ಕ್ಷಮೆ ಕೋರುತ್ತೇವೆ.)

ಇದರಿಂದ ದಾಮಿಯನ್ ಸಣ್ಣವರಾಗುವುದಿಲ್ಲ. ಅವರ ದೇವಾಲಯದ ನೆಲದ ಹಲಗೆಗಳಲ್ಲಿ ಅಲ್ಲಲ್ಲಿ ಚೌಕದ ತೂತುಗಳಿವೆ. ರೋಗ ಗಂಟಲಿಗೆ ಏರಿದವರಿಗೆ ಪ್ರಾರ್ಥನೆಯ ನಡುವೆ ಉಗುಳಬೇಕಾಗುತ್ತದೆ. ಅದಕ್ಕೆ ನಾಚಿ ಅವರು ಹೊರಗೇ ನಿಲ್ಲುತ್ತಿದ್ದರು. ಎಲೆಯನ್ನು ಸುರುಳಿ ಸುತ್ತಿ ಆ ತೂತಿನಲ್ಲಿಟ್ಟರೆ ಉಗುಳು ನೆಲದಡಿಗೆ ಹೋಗುತ್ತದೆ, ಒಳಗೇ ಕೂರಬಹುದು. ನಾವು ನೋಡಿದ ದೇವಾಲಯಗಳಲ್ಲಿ ಎಷ್ಟೋ ಬಣ್ಣದ ಗಾಜುಗಳಿವೆ, ರೋಮಿನಲ್ಲಿ ಅಮೃತಶಿಲೆಯನ್ನೂ ನೋಡಿದ್ದೇವೆ. ಆ ತೂತುಗಳಷ್ಟು ಭಕ್ತಿ ಹುಟ್ಟಿಸಿದ್ದು ಬೇರೆ ಯಾವುದೂ ಇಲ್ಲ. ರೋಗಿಯ ಕಷ್ಟವನ್ನು ನೋಡಿ ಕಟ್ಟಡವನ್ನು ಬದಲಾಯಿಸಿದ ಮನುಷ್ಯ! ನಮ್ಮ ಆಸ್ಪತ್ರೆಯ ಆಡಳಿತ ಮಂಡಳಿಗೆ ಒಂದು ಕಿಟಕಿ ಕೊರೆಸಲು ಎರಡು ವರ್ಷ ಬೇಕು.

ದೇವಾಲಯದ ಪಕ್ಕ ಒಂದು ಹಲಾ ಮರವಿತ್ತು, ನಮ್ಮ ಕೇದಗೆಯ ಜಾತಿ. ಅಷ್ಟಮಿಗೆ ಮೂಡೆ ಕಟ್ಟಲು ಊರಿನಲ್ಲಿ ತರುವ ಎಲೆಯ ಬಳಗ. ಬಂದ ಮೊದಲ ದಿನಗಳಲ್ಲಿ ದಾಮಿಯನ್ ಮಲಗಿದ್ದು ಇಂಥದೊಂದು ಮರದ ಕೆಳಗೆ. ರೋಗಿಗಳನ್ನು ಮುಟ್ಟಬಾರದು ಎಂದು ಮೇಲಿನವರ ಸೂಚನೆಯಿತ್ತು. ಅವರು ಹುಣ್ಣು ತೊಳೆದರು, ಶವಪೆಟ್ಟಿಗೆ ಮಾಡಿದರು, ಒಂದೇ ಬೋಗುಣಿಯಿಂದ ಪೋಯಿ ತಿಂದರು, ತಮ್ಮ ಹೊಗೆಕೊಳವೆಯನ್ನು ರೋಗಿಗಳ ಜೊತೆ ಹಂಚಿಕೊಂಡರು. ವೈದ್ಯರಾಗಿ ಈ ಕೊನೆಯದನ್ನು ನಾವು ಒಪ್ಪುವುದಿಲ್ಲ. 1884ರ ಕೊನೆಗೆ ರೋಗ ಅವರಿಗೂ ಅಂಟಿತ್ತು ಎಂದು ಗೊತ್ತಾಯಿತು. ಕಾದ ನೀರಿನಲ್ಲಿ ಕಾಲಿಟ್ಟರೂ ಬಿಸಿ ತಿಳಿಯಲಿಲ್ಲ ಎಂದು ಹೇಳುತ್ತಾರೆ. 1889ರ ಏಪ್ರಿಲ್ 15ರಂದು 49ನೆಯ ವಯಸ್ಸಿನಲ್ಲಿ ತೀರಿಕೊಂಡರು.

ರೋಗ ತಗಲಿದ ಮೇಲೆ ಒಂದು ದಿನ ಅವರು ಉಪದೇಶವನ್ನು “ನಾವು ಕುಷ್ಠರೋಗಿಗಳು” ಎಂದು ಆರಂಭಿಸಿದರು, ಸಭೆ ಬೆಚ್ಚಿತು ಎಂದು ಕತೆ ಹೇಳುವುದುಂಟು. ನಾವೂ ಹಾಗೇ ಕೇಳಿದ್ದೆವು. ನಿಜ ಬೇರೆ. ಬಂದ ವರ್ಷವೇ, 1873ರಲ್ಲೇ, ತಮ್ಮ ಅಣ್ಣನಿಗೆ ಬರೆದ ಕಾಗದದಲ್ಲಿ ತಾನು ಉಪದೇಶದಲ್ಲಿ ‘ಸಹೋದರರೇ’ ಎನ್ನುವುದಿಲ್ಲ, ‘ನಾವು ಕುಷ್ಠರೋಗಿಗಳು’ ಎನ್ನುತ್ತೇನೆ ಎಂದು ಅವರು ತಿಳಿಸಿದ್ದರು. ಆಗ ಮೈಮೇಲೆ ಒಂದು ಮಚ್ಚೆಯೂ ಇರಲಿಲ್ಲ. ಅವರು ಉಪದೇಶ ಮಾಡುತ್ತಿದ್ದದ್ದು ಹವಾಯಿ ಭಾಷೆಯಲ್ಲಿ. ಕೇಳುವವರನ್ನೂ ಸೇರಿಸಿ ನಾವು ಎನ್ನಬೇಕಾದರೆ ಆ ಭಾಷೆಯಲ್ಲಿ ‘ಕಾಕೌ’ ಎನ್ನಲೇಬೇಕು, ಬೇರೆ ದಾರಿಯಿಲ್ಲ. ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ಹೇಳಿದ್ದರೆ ನುಣುಚಿಕೊಳ್ಳಬಹುದಿತ್ತು. ರೋಗ ಬಂದ ಮೇಲೆ ನಾವು ಎನ್ನುವುದು ರೋಗದ ಕೆಲಸ. ಬರುವ ಮೊದಲೇ ಎನ್ನುವುದು ಯಾರ ಕೆಲಸ ಎಂದು ನಮ್ಮ ನಂಬಿಕೆಯವರಿಗೆ ಗೊತ್ತು. ಮಾರ್ಕನ ಸುವಾರ್ತೆಯಲ್ಲಿ ಕರ್ತನು ಕುಷ್ಠರೋಗಿಯನ್ನು ಗುಣಮಾಡಿದ ಮೇಲೆ ಮುಟ್ಟಿದ್ದಲ್ಲ, ಮೊದಲು ಮುಟ್ಟಿದ್ದು.

ನಮ್ಮವರ ಮಾತನ್ನೂ ಹೇಳಬೇಕು. ದಾಮಿಯನ್ ತೀರಿಕೊಂಡ ಮೇಲೆ ಹೊನೊಲುಲುವಿನ ಪ್ರಾಟೆಸ್ಟೆಂಟ್ ಪಾದ್ರಿ ಹೈಡ್ ಎಂಬವರು, ಆತ ಕೊಳಕು ಮನುಷ್ಯ, ಹಟಮಾರಿ, ನಡತೆಯೂ ಸರಿಯಿಲ್ಲ ಎಂಬ ಅರ್ಥದ ಕಾಗದ ಬರೆದರು, ಅದು ಅಚ್ಚಾಯಿತು. 1889ರಲ್ಲಿ ಕಲೌಪಾಪಕ್ಕೆ ಹೋಗಿಬಂದಿದ್ದ ಸ್ಟೀವನ್‌ಸನ್, ಆ ಪ್ರಸಿದ್ಧ ಕಾದಂಬರಿಕಾರ, ತಾನೂ ಪ್ರಾಟೆಸ್ಟೆಂಟ್ ಮನೆತನದವನೇ ಆಗಿದ್ದು, 1890ರಲ್ಲಿ ಬಹಿರಂಗ ಪತ್ರ ಬರೆದು ಹೈಡರನ್ನು ಚೆನ್ನಾಗಿ ತೊಳೆದ. ಕ್ಯಾಥೊಲಿಕರು ದಾಮಿಯನ್ನರಿಗೆ ಸಂತ ಪದವಿ ಕೊಟ್ಟದ್ದು 2009ರಲ್ಲಿ. ಇನ್ನು ನಮ್ಮ ಇನ್ನೊಂದು ಪಂಗಡ, ವೈದ್ಯರು. 1884ರಲ್ಲಿ ಆರ್ನಿಂಗ್ ಎಂಬ ವೈದ್ಯ ಮರಣದಂಡನೆಯಾಗಿದ್ದ ಕೆಯಾನು ಎಂಬ ಕೈದಿಗೆ, ಪ್ರಾಣ ಉಳಿಸುವ ಒಪ್ಪಂದದ ಮೇಲೆ, ಕುಷ್ಠರೋಗದ ಗಂಟಿನ ತುಂಡನ್ನು ತೋಳಿನಲ್ಲಿಟ್ಟು ಹೊಲಿದ. ಆತನಿಗೆ ರೋಗ ಬಂತು. ಮನೆಯವರಲ್ಲೂ ರೋಗ ಇತ್ತಾದ್ದರಿಂದ ಪ್ರಯೋಗದಿಂದ ಏನೂ ಸಿದ್ಧವಾಗಲಿಲ್ಲ. 1892ರಲ್ಲಿ ಕಲೌಪಾಪದಲ್ಲೇ ಸತ್ತ. ಇದನ್ನು ಬಸ್ಸಿನಲ್ಲಿ ಕೇಳುವಾಗ ನಾವಿಬ್ಬರೂ ವೈದ್ಯರೆಂದು ಯಾರಿಗೂ ಹೇಳಲಿಲ್ಲ. ನಮ್ಮ ಮಾನ ಉಳಿಸುವವರೂ ಇದ್ದಾರೆ: ಹೊನೊಲುಲುವಿನ ರಸಾಯನಶಾಸ್ತ್ರಜ್ಞೆ ಆಲಿಸ್ ಬಾಲ್ ಚಾಲ್ಮೋಗ್ರ ಎಣ್ಣೆಯನ್ನು ಚುಚ್ಚುಮದ್ದಾಗಿ ಕೊಡುವ ದಾರಿ ಕಂಡುಹಿಡಿದು 1916ರಲ್ಲಿ, ಬರೀ 24ನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಆ ಎಣ್ಣೆಯ ಮರದ ಒಡಹುಟ್ಟು ನಮ್ಮ ಪಶ್ಚಿಮ ಘಟ್ಟದಲ್ಲಿದೆ, ಸುರಂಟಿ ಎನ್ನುತ್ತಾರೆ.

ಈಗ ನಾವು ಹೇಳದೆ ಮುಂದೆ ಹೋಗಲಾರದ ವಿಷಯ. ಹೌಸ್ ಸರ್ಜನ್ಸಿಯಲ್ಲಿ ನಾವಿಬ್ಬರೂ ಕೆಲವು ವಾರ ಒಂದೇ ವಾರ್ಡಿನಲ್ಲಿದ್ದೆವು. ಇನ್ನೂ ಮದುವೆಯಾಗಿರಲಿಲ್ಲ; ಅಲ್ಲೇ ಪರಿಚಯವಾದದ್ದು. ಘಟ್ಟದ ಬುಡದ ಊರಿನಿಂದ ಒಬ್ಬ ಮುದುಕರು ಬಂದಿದ್ದರು, ಕುಷ್ಠರೋಗ, ಪಾದದಲ್ಲಿ ದೊಡ್ಡ ಹುಣ್ಣು, ಎರಡೂ ಕೈಬೆರಳುಗಳು ಒಳಕ್ಕೆ ಮಡಚಿದ್ದವು. ಮನೆಯಲ್ಲಿ ಎಲ್ಲಿರುತ್ತೀರಿ ಅಜ್ಜಾ ಎಂದು ಕೇಳಿದರೆ, “ಮನೆಯಲ್ಲೇ ಡಾಕ್ಟ್ರೇ. ಹಟ್ಟಿಯ ಪಕ್ಕ ಮಗ ಬೇರೆ ಮಾಡು ಇಳಿಸಿ ಕೊಟ್ಟಿದ್ದಾನೆ” ಎಂದಿದ್ದರು. ಚಿಕಿತ್ಸೆ ಆರಂಭವಾಗಿ ತಿಂಗಳು ಕಳೆದಿತ್ತು. ಮೊದಲ ಕೆಲವು ದಿನಗಳ ಔಷಧದಲ್ಲೇ ಈ ರೋಗ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ, ಹೆಚ್ಚಿನ ಜನರಿಗೆ ಹುಟ್ಟಿನಿಂದಲೇ ಇದರ ವಿರುದ್ಧ ಶಕ್ತಿ ಇರುತ್ತದೆ ಎಂದು ನಾವು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದೆವು.

ಬಿಡುಗಡೆಯ ದಿನ ಮುದುಕರು ಒಂದು ಚಿಪ್ಪು ಬಾಳೆಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಮುಂದೆ ಚಾಚಿದರು. ನಾವು ಇಬ್ಬರೂ, ಮಾತಾಡಿಕೊಂಡವರ ಹಾಗೆ ಒಂದೇ ಸಲ, ಕೈ ಜೋಡಿಸಿ ನಮಸ್ಕಾರ ಮಾಡಿದೆವು. “ಮೇಜಿನ ಮೇಲಿಡಿ ಅಜ್ಜಾ” ಎಂದೆವು. ಇಷ್ಟು ಮರ್ಯಾದೆಯಿಂದ ಯಾರೂ ಯಾರನ್ನೂ ದೂರ ಇಟ್ಟಿರಲಾರರು. ಮುದುಕರಿಗೆ ಅರ್ಥವಾಯಿತು. ಹಣ್ಣನ್ನು ಮೇಜಿನ ಮೇಲಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು, ಅವರೂ ನಮಸ್ಕಾರ ಮಾಡಿದರು. ಸಂಜೆಯವರೆಗೆ ಹಣ್ಣು ಅಲ್ಲೇ ಇತ್ತು. ವಾರ್ಡಿನ ಆಯಾ ಬಂದು, “ಇದು ಯಾರಿಗೂ ಬೇಡವಾ?” ಎಂದು ಒಂದು ಸುಲಿದು ತಿಂದಳು, ಉಳಿದದ್ದನ್ನು ಮಕ್ಕಳಿಗೆಂದು ಸೆರಗಿನಲ್ಲಿ ಕಟ್ಟಿಕೊಂಡಳು. ನಾವು ಆ ಬಗ್ಗೆ ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಮದುವೆಯಾಗಿ, ಈ ದೇಶಕ್ಕೆ ಬಂದು, ರೆಸಿಡೆನ್ಸಿ ಮುಗಿಸಿ, ಎರಡು ಮಕ್ಕಳಾದ ಮೇಲೂ ಆಡಿರಲಿಲ್ಲ. ಆಡಿದ್ದು ದಾಮಿಯನ್ನರ ಸಮಾಧಿಯ ಹತ್ತಿರ. ಅವರ ದೇಹವನ್ನು 1936ರಲ್ಲಿ ಬೆಲ್ಜಿಯಂಗೆ ಒಯ್ದರು. ಹವಾಯಿಯವರ ಬೇಡಿಕೆಯ ಮೇಲೆ 1995ರಲ್ಲಿ ಬಲಗೈಯನ್ನು ಮಾತ್ರ ಹಿಂದಕ್ಕೆ ಕೊಟ್ಟರು. ಆ ಸಮಾಧಿಯಲ್ಲಿ ಇರುವುದು ಒಂದು ಕೈ. ಅದನ್ನು ಕೇಳಿದಾಗ ನಮ್ಮಲ್ಲೊಬ್ಬರು, “ಆ ಬಾಳೆಹಣ್ಣು ನೆನಪಿದೆಯಾ?” ಎಂದರು. ಇನ್ನೊಬ್ಬರು ತಲೆಯಾಡಿಸಿದರು. ಅಷ್ಟೇ.

ಆರು ವರ್ಷದ ಮೇಲೆ, 2020ರ ವಸಂತದಲ್ಲಿ, ಕೊರೋನಾ ವಾರ್ಡಿನಲ್ಲಿ ನಿಂತಾಗ ಆ ತಂತಿಬಲೆ ನಮಗೆ ಬೇರೆ ರೀತಿ ಕಂಡಿತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನನ್ನು ರೋಗಿಯ ಕಿವಿಗೆ ಹಿಡಿದು, ಆಚೆಯಿಂದ ಮಗಳು ಅಳುವುದನ್ನು ನಾವೂ ಕೇಳಿಸಿಕೊಂಡೆವು. ಬಾಗಿಲಲ್ಲಿ ನಿಂತು ಬಂಧುಗಳನ್ನು ಒಳಗೆ ಬಿಡದವರು ನಾವೇ. ಕಾರಣವಿತ್ತು, ತಪ್ಪೆಂದು ಹೇಳಲಾರೆವು. 1865ರಲ್ಲಿ ಕಾಯಿದೆ ಮಾಡಿದವರಿಗೂ ತಮ್ಮ ಕಾರಣ ಇತ್ತು. ನಮ್ಮಲ್ಲೊಬ್ಬರು ಒಂದು ರಾತ್ರಿ ಎರಡು ಪದರದ ಕೈಗವಸು ಹಾಕಿಕೊಂಡೇ, ಉಸಿರು ನಿಲ್ಲುವವರೆಗೂ ಒಬ್ಬರ ಕೈ ಹಿಡಿದು ಕೂತಿದ್ದರು. ಕೈಗವಸಿನ ಮೂಲಕ ಮುಟ್ಟಿದ್ದು ಮುಟ್ಟಿದ ಹಾಗೆಯೇ ಎಂದು ಮನೆಗೆ ಬಂದು ಕೇಳಿದಾಗ ಇನ್ನೊಬ್ಬರಿಗೆ ಉತ್ತರ ಬರಲಿಲ್ಲ.

ಮತ್ತೆ 2014ಕ್ಕೆ ಬರೋಣ. ಮಧ್ಯಾಹ್ನ ವಸತಿಗೆ ಹಿಂದಿರುಗಿದೆವು. ಆಗ ಅಲ್ಲಿ ಹಳೆಯ ರೋಗಿಗಳಲ್ಲಿ ಕೆಲವೇ ಮಂದಿ ಉಳಿದಿದ್ದರು, ಎಲ್ಲರೂ ಮುದುಕರು. ಕಟ್ಟಳೆ ಮುಗಿದ ಮೇಲೂ ಇದೇ ಮನೆ ಎಂದು ಅಲ್ಲೇ ಉಳಿದವರು. ಅವರ ಫೋಟೋ ತೆಗೆಯಬಾರದು, ಅವರಾಗಿ ಮಾತಾಡಿಸದೆ ಮಾತಾಡಿಸಬಾರದು ಎಂದು ಬಸ್ಸಿನವರು ಎಚ್ಚರಿಸಿದ್ದರು. ಸಣ್ಣ ವಿಮಾನಕ್ಕೆ ಕಾಯುತ್ತಾ ನೆರಳಿನಲ್ಲಿ ನಿಂತಿದ್ದಾಗ ಒಬ್ಬ ವೃದ್ಧರು ತಾವಾಗಿಯೇ ಹತ್ತಿರ ಬಂದು, ಎಲ್ಲಿಯವರು ಎಂದು ಕೇಳಿ ಕೈ ಚಾಚಿದರು. ಬೆರಳುಗಳು ಒಳಕ್ಕೆ ಮಡಚಿದ್ದವು. ಈ ಸಲ ಹಿಡಿದೆವು, ಮೊದಲು ಒಬ್ಬರು, ಆಮೇಲೆ ಇನ್ನೊಬ್ಬರು. ಧೈರ್ಯ ಎಂದುಕೊಳ್ಳಬೇಡಿ, ಆ ಕೈಯಲ್ಲಿ ರೋಗ ಇಲ್ಲದೆ ಎಷ್ಟೋ ದಶಕಗಳಾಗಿದ್ದವು.

ಇಂಡಿಯಾ ಎಂದೆವು. “ಅಲ್ಲಿ ಈ ಕಾಯಿಲೆ ಇನ್ನೂ ಇದೆಯೇ?” ಎಂದರು. ಇದೆ, ಪ್ರಪಂಚದ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ನಮ್ಮ ದೇಶದಲ್ಲೇ ಎಂದೆವು.

“ಅವರನ್ನು ಎಲ್ಲಿಡುತ್ತಾರೆ?”

“ಎಲ್ಲಿಯೂ ಇಲ್ಲ. ಮನೆಯಲ್ಲೇ ಇರುತ್ತಾರೆ. ಮಾತ್ರೆ ಕೊಟ್ಟು ಕಳಿಸುತ್ತಾರೆ.”

“ಮನೆಯಲ್ಲೇ?” ಎಂದರು ಅವರು. ಕೈ ಇನ್ನೂ ಬಿಟ್ಟಿರಲಿಲ್ಲ. “ಅಪ್ಪ ಅಮ್ಮನ ಜೊತೆ, ಮನೆಯಲ್ಲೇ?”

ಹೌದು ಎಂದೆವು. ಅವರ ಮುಖ ಅರಳಿದ್ದನ್ನು ನೋಡಿ, ಹಟ್ಟಿಯ ಪಕ್ಕದ ಆ ಮಾಡಿನ ವಿಷಯ ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಅಷ್ಟರಲ್ಲಿ ವಿಮಾನದವರು ನಮ್ಮ ಹೆಸರು ಕರೆದರು.